ಉಪ್ಪುಗಾಳಿಯಲ್ಲಿ ಗಾಡಿಯನ್ನು ಏಳು ಲಕ್ಷದ ತನಕ ಓಡಿಸುವುದು

ನನ್ನ ಟೊಯೋಟಾ ಕ್ವಾಲಿಸ್ 2003ರದ್ದು. ಕೆಎ-30 ನಂಬರು, ಕುಮಟಾದ ಗಾಡಿ. ಮೀಟರ್ 6,84,000 ಕಿ.ಮೀ. ದಾಟಿದೆ. ಮೈಲೇಜ್ ಅಂದ ಕೂಡಲೇ ನಮ್ಮಲ್ಲಿ ಎಲ್ಲರೂ ಲೀಟರಿಗೆ ಎಷ್ಟು ಕೊಡ್ತದೆ ಅಂತ ಕೇಳುತ್ತಾರೆ. ನಾನು ಹೇಳುತ್ತಿರುವುದು ಗಾಡಿ ಒಟ್ಟು ಎಷ್ಟು ಓಡಿತು ಅನ್ನುವ ಲೆಕ್ಕ. ಹದಿನೆಂಟು ವರ್ಷ ಬಾಡಿಗೆಗೆ ಓಡಿಸಿದೆ. ಗೋವಾದ ದಾಬೋಲಿಂ ವಿಮಾನ ನಿಲ್ದಾಣ, ಮಣಿಪಾಲದ ಆಸ್ಪತ್ರೆ, ಶಿರಸಿ ಮಾರಿಜಾತ್ರೆ, ಮದುವೆ ದಿಬ್ಬಣ. ಈಗ ಮನೆ ಕೆಲಸಕ್ಕೆ ಮಾತ್ರ. ‘ಇಷ್ಟು ಹೇಗೆ ಓಡ್ತು ಮಾರಾಯ್ರೇ?’ ಅಂತ ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಹಾಗೆ ನೋಡಿದರೆ ಇದೇನು ಮಹಾ ಓಟ ಅಲ್ಲ. ಅಮೆರಿಕದ ಇರ್ವ್ ಗಾರ್ಡನ್ ಅನ್ನುವ ವಿಜ್ಞಾನ ಮೇಷ್ಟ್ರು 1966ರಲ್ಲಿ ಕೊಂಡ ವೋಲ್ವೋದಲ್ಲಿ 2013ರ ಹೊತ್ತಿಗೆ 30 ಲಕ್ಷ ಮೈಲಿ ಮುಗಿಸಿದರು. ನಮ್ಮ ಲೆಕ್ಕಕ್ಕೆ 48 ಲಕ್ಷ ಕಿ.ಮೀ. ಗ್ರೀಸ್ ದೇಶದ ಟ್ಯಾಕ್ಸಿ ಡ್ರೈವರ್ ಗ್ರೆಗೋರಿಯೋಸ್ ಸಾಕಿನಿಡಿಸ್ ಅವರ 1976ರ ಮರ್ಸಿಡಿಸ್ 46 ಲಕ್ಷ ಕಿ.ಮೀ. ಓಡಿ, 2004ರಲ್ಲಿ ಕಂಪನಿಯ ಮ್ಯೂಸಿಯಂ ಸೇರಿತು. ಅದಕ್ಕೆ ಎಂಜಿನ್ ಹಲವು ಸಲ ಬದಲಾಗಿತ್ತು. ಇಬ್ಬರ ಗಾಡಿಯೂ ದಿನಾ ಉದ್ದಕ್ಕೆ, ಎಂಜಿನ್ ಚೆನ್ನಾಗಿ ಬಿಸಿಯಾಗಿ ಓಡಿದ್ದು. ಎಂಜಿನ್ ಜಾಸ್ತಿ ಸವೆಯುವುದು ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಮೊದಲ ನಿಮಿಷಗಳಲ್ಲಿ. ಒಂದು ಕಿಲೋಮೀಟರ್ ದೂರದ ಮೀನುಪೇಟೆಗೆ ದಿನಾ ಕಾರು ತೆಗೆಯಬೇಡಿ. ಅದಕ್ಕೆ ಸೈಕಲ್ ಇದೆ, ಕಾಲಿದೆ.

ಎಂಜಿನ್ ಹೋದರೆ ಇಳಿಸಿ ಮತ್ತೆ ಕಟ್ಟಬಹುದು. ತಳ ಕೊಳೆತರೆ ಮುಗಿಯಿತು. ನಮ್ಮ ಕರಾವಳಿಯಲ್ಲಿ ಗಾಡಿ ಗುಜರಿಗೆ ಹೋಗುವುದು ಬಹುತೇಕ ಹಾಗೆಯೇ. ಆದ್ದರಿಂದ ತಳದಿಂದಲೇ ಶುರು ಮಾಡಿ. ವಾರಕ್ಕೊಮ್ಮೆ ಸಿಹಿನೀರಿನ ಪೈಪ್ ಹಿಡಿದು ಕೆಳಗೆ ತೊಳೆಯಿರಿ. ಮೇಲೆ ಪಳಪಳ ಮಾಡುವುದು ಆಮೇಲೆ. ಚಕ್ರದ ಮೇಲಿನ ಕಮಾನಿನೊಳಗೆ ಕೈ ಹಾಕಿ ಅಂಚು ತಡವಿ. ಶಿರಸಿ ಕಡೆ ತೋಟದ ರಸ್ತೆಗೆ ಹೋಗಿ ಬಂದ ಗಾಡಿಯಾದರೆ ಮುಷ್ಟಿಗಟ್ಟಲೆ ಕೆಂಪು ಮಣ್ಣು ಸಿಗುತ್ತದೆ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಒದ್ದೆ. ತಗಡು ಕೊಳೆಯುವುದು ಅಲ್ಲೇ. ಎಷ್ಟು ಮಳೆ ಹೊಯ್ದರೂ ಅದು ಹೋಗುವುದಿಲ್ಲ, ಬೆರಳು ಹಾಕಿಯೇ ಕೆರೆಯಬೇಕು.

ಆಮೇಲೆ ಬಾಗಿಲು. ಪ್ರತಿ ಬಾಗಿಲಿನ ಕೆಳ ಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ಗಾಜಿನ ಸಂದಿಯಿಂದ ಒಳಗಿಳಿದ ಮಳೆನೀರು ಹೊರಗೆ ಹೋಗುವ ದಾರಿ ಅದು. ಎಲೆಪುಡಿ, ಧೂಳು ಸೇರಿ ಅದು ಕಟ್ಟಿಕೊಳ್ಳುತ್ತದೆ. ಬಾಗಿಲು ತೆಗೆದಾಗ ಒಳಗೆ ಗುಳುಗುಳು ಕೇಳಿದರೆ ನೀವು ತಡ ಮಾಡಿದ್ದೀರಿ. ನಾನು ಮಳೆಗಾಲ ಪೂರ್ತಿ ಗಾಡಿಯಲ್ಲಿ ನಾಲ್ಕು ಹಿಡಿಕಡ್ಡಿ (ಪೊರಕೆ ಕಡ್ಡಿ) ಇಟ್ಟುಕೊಂಡಿರುತ್ತೇನೆ, ಆ ತೂತು ಬಿಡಿಸಲಿಕ್ಕೆ. ಹೊಸ ಹಿಡಿ ತಂದ ದಿನ ನನ್ನವಳೇ ನಾಲ್ಕು ಕಡ್ಡಿ ಎಳೆದು ಕೈಗೆ ಕೊಡುತ್ತಾಳೆ. ಇಡೀ ಹಿಡಿ ಬಿಚ್ಚಿ ಹಾಳು ಮಾಡುತ್ತೇನೆ ಅಂತ ಅವಳ ಭಯ.

ಮೇ ತಿಂಗಳಲ್ಲಿ ತಳಕ್ಕೆ ಕೋಟಿಂಗ್ ಹೊಡೆಸಿ. ತುಕ್ಕಿನ ಮೇಲೆಯೇ ಹೊಡೆಸಿದರೆ ದುಡ್ಡು ದಂಡ, ತುಕ್ಕು ಒಳಗೊಳಗೇ ಬೆಳೆಯುತ್ತದೆ. ಮೊದಲು ವೈರ್ ಬ್ರಷ್‌ನಲ್ಲಿ ಉಜ್ಜಿ, ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಕೋಟಿಂಗ್. ಕೆಲವರು ಹಳೇ ಎಂಜಿನ್ ಆಯಿಲ್ ಬಳಿಯುತ್ತಾರೆ. ಬೇಡ. ರಬ್ಬರ್ ಬುಶ್‌ಗಳು ಅದನ್ನು ಕುಡಿದು ಊದಿಕೊಳ್ಳುತ್ತವೆ. ಇನ್ನು ಗೋಕರ್ಣಕ್ಕೆ ಬಂದವರು ಅಲೆಯ ತನಕ ಗಾಡಿ ಇಳಿಸಿ ಫೋಟೋ ತೆಗೆಯುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಎಂಜಿನ್ ಆಯಿಲ್ ಮತ್ತು ಅದರ ಫಿಲ್ಟರನ್ನು ಆ ವೋಲ್ವೋದ ಗಾರ್ಡನ್ ಹೆಚ್ಚುಕಡಿಮೆ 5 ಸಾವಿರ ಕಿ.ಮೀ.ಗೆ ಬದಲಿಸುತ್ತಿದ್ದರು. ನನ್ನ ಹಳೇ ಡೀಸೆಲ್‌ಗೂ ನಾನು ಅದೇ ಲೆಕ್ಕ ಇಟ್ಟುಕೊಂಡೆ. ಹೊಸ ಗಾಡಿಗಳಲ್ಲಿ ಅಂತರ ಜಾಸ್ತಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಕಠಿಣ ಬಳಕೆಗೆ ಬೇರೆ ಲೆಕ್ಕ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಘಟ್ಟ, ಧೂಳು, ಮಳೆ ಮೂರೂ ನಮ್ಮಲ್ಲಿವೆ ಅಲ್ವಾ?

ಡೀಸೆಲ್ ಗಾಡಿಯವರು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಡೀಸೆಲ್ ಫಿಲ್ಟರಿನ ತಳದ ನೀರು ತೆಗೆಯಿರಿ. ಕೆಳಗೊಂದು ಗಾಜಿನ ಬಾಟಲಿ ಹಿಡಿದು ಅಡಿಯ ತಿರುಪು ಸಡಿಲಿಸಿ, ಮೇಲಿನ ಹ್ಯಾಂಡ್ ಪಂಪ್ ಒತ್ತಿ. ಬಾಟಲಿ ಒಂದೆರಡು ನಿಮಿಷ ಅಲ್ಲಾಡದೆ ಇರಲಿ. ನೀರಿದ್ದರೆ ಡೀಸೆಲಿನ ಕೆಳಗೆ ಗುಂಡುಗುಂಡಾಗಿ ಕೂರುತ್ತದೆ. ಬರೀ ಡೀಸೆಲ್ ಬರುವ ತನಕ ಬಿಟ್ಟು ತಿರುಪು ಬಿಗಿ ಮಾಡಿ. ಐದು ನಿಮಿಷದ ಕೆಲಸ. ನೀರು ಒಳಗೆ ಹೋದರೆ ಡೀಸೆಲ್ ಪಂಪ್, ಇಂಜೆಕ್ಟರ್ ಎರಡಕ್ಕೂ ಖರ್ಚು.

ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ನಿನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಹಲ್ಲಿನ ರಬ್ಬರ್ ಪಟ್ಟಿ, ಅದರ ವಿಷಯದಲ್ಲಿ ಮಾತ್ರ ನಾನು ಪೆಟ್ಟು ತಿಂದು ಕಲಿತೆ. ನನ್ನ ಗಾಡಿಗೆ 1 ಲಕ್ಷ ಕಿ.ಮೀ.ಗೊಮ್ಮೆ ಬೆಲ್ಟ್ ಬದಲಿಸಬೇಕು. ಎರಡನೇ ಸಲ ಒಂದು ಗ್ಯಾರೇಜಿನಲ್ಲಿ ಬಿಟ್ಟು ಬಂದೆ. ಸಂಜೆ ಬಿಲ್ ಕೊಟ್ಟರು, ದುಡ್ಡು ಎಣಿಸಿ ಕೊಟ್ಟೆ. ಏಳು ತಿಂಗಳ ಮೇಲೆ ಅರಬೈಲ್ ಘಟ್ಟದಲ್ಲಿ, ರಾತ್ರಿ ಹನ್ನೊಂದಕ್ಕೆ, ಟಪ್ ಅಂತ ಒಂದೇ ಶಬ್ದ. ಎಂಜಿನ್ ನಿಂತಿತು. ಒಳಗೆ ಯಲ್ಲಾಪುರದ ಮದುವೆ ಮುಗಿಸಿ ಹೊರಟ ಎಂಟು ಜನ. ಬಿಚ್ಚಿದಾಗ ವಾಲ್ವ್‌ಗಳು ಬಗ್ಗಿದ್ದವು. ಬೆಲ್ಟ್ ಹಳೆಯದೇ, ಹಲ್ಲು ಸವೆದು ಅಂಚು ದಾರ ಬಿಟ್ಟಿತ್ತು. ಅವತ್ತಿನಿಂದ ಏನೇ ಬದಲಿಸಿದರೂ ಹಳೇ ಸಾಮಾನು ಕೇಳಿ ತೆಗೆದುಕೊಳ್ಳುತ್ತೇನೆ. ಈಗಿನ ಮೇಸ್ತ್ರಿ ನಾನು ಬಾಯಿ ಬಿಡುವ ಮೊದಲೇ ‘ತಗೊಳ್ಳಿ ಅಣ್ಣ, ನಿಮ್ಮ ಗುಜರಿ’ ಅಂತ ಚೀಲಕ್ಕೆ ಹಾಕಿ ಕೊಡುತ್ತಾನೆ. ನೀವೂ ಕೇಳಿ, ಸಂಕೋಚ ಬೇಡ. ಬೆಲ್ಟ್ ಜೊತೆ ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಬೇರಿಂಗನ್ನೂ ಬದಲಿಸಿಬಿಡಿ, ಹೇಗೂ ಬಿಚ್ಚಿರುತ್ತಾರೆ.

ದೇವಿಮನೆ ಘಟ್ಟ ಹತ್ತುವ ಗೇರಿನಲ್ಲೇ ಇಳಿಯಿರಿ. ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸಲು ಹೋದರೆ ಬ್ರೇಕ್ ಕಾದು ಹಿಡಿಯದೆ ಹೋಗಬಹುದು. ಬ್ರೇಕ್ ಆಯಿಲ್ ನಮ್ಮ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಎರಡು ವರ್ಷಕ್ಕೆ ಬದಲಿಸಿ. ಟರ್ಬೋ ಗಾಡಿಯಾದರೆ ಘಟ್ಟ ಹತ್ತಿ ನಿಲ್ಲಿಸಿದ ತಕ್ಷಣ ಎಂಜಿನ್ ಆಫ್ ಮಾಡದೆ ಒಂದೆರಡು ನಿಮಿಷ ಸುಮ್ನೆ ಓಡಲು ಬಿಡಿ. ರೇಡಿಯೇಟರಿಗೆ ಬಾವಿ ನೀರು ಹಾಕಬೇಡಿ, ಕೂಲೆಂಟ್ ಮಾತ್ರ.

ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ತಾರೀಖು, ಮೀಟರ್, ಏನು ಬದಲಾಯಿತು, ಎಷ್ಟಾಯಿತು. ನನ್ನದು ಮೂರನೇ ಪುಸ್ತಕ ನಡೆಯುತ್ತಿದೆ.

ಕೊನೆಗೆ, ಹಳೇ ಗಾಡಿಗೆ ದೊಡ್ಡ ಖರ್ಚು ಮಾಡುವ ಮುಂಚೆ ಚಾಸಿಸ್, ಅಂದರೆ ಅಡಿಯ ಉಕ್ಕಿನ ಚೌಕಟ್ಟು, ನೋಡಿ. ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ಬಡಿಯುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಠಣ್ ಅನ್ನುತ್ತದೆ. ದಪ್ ಅಂದಲ್ಲಿ ಮೊನೆಯಿಂದ ಚುಚ್ಚಿ. ಮೊನೆ ಒಳಗೆ ಹೋದರೆ ಎಂಜಿನ್‌ಗೆ ದುಡ್ಡು ಸುರಿಯಬೇಡಿ. ನನ್ನದರಲ್ಲಿ ಹಿಂದಿನ ಎಡ ಸ್ಪ್ರಿಂಗ್ ಪಟ್ಟಿಯ ಹತ್ತಿರ ಒಂದು ಕಡೆ ದಪ್ ಅಂದಿತ್ತು, ಆದರೆ ಮೊನೆ ಒಳಗಿಳಿಯಲಿಲ್ಲ. ಉಜ್ಜಿ ಪ್ರೈಮರ್ ಹಚ್ಚಿದ್ದೇನೆ. ಈ ಮೇ ತಿಂಗಳಲ್ಲಿ ಮತ್ತೆ ಬಡಿದು ನೋಡಬೇಕು.