ಅಣಬೆ ಪುಡಿ ತಗೊಳ್ಳೋ ಮೊದಲು ನಾನು ಮಾಡಿ ನೋಡಿದ್ದು

ಅಡಿಕೆ ತೋಟ ಇರುವವರಿಗೆ ಅಣಬೆ ರೋಗದ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ಸೋಗೆ ಹಳದಿಯಾಗಿ ಜೋತು ಬೀಳುತ್ತದೆ, ಬುಡದಲ್ಲಿ ಕಂದು ರಸ ಒಸರುತ್ತದೆ. ಕೊನೆಗೆ ಬುಡಕ್ಕೆ ಅಂಟಿಕೊಂಡು ವಾರ್ನಿಷ್ ಹೊಡೆದ ಹಾಗೆ ಹೊಳೆಯುವ ಗಟ್ಟಿ ಅಣಬೆ ಏಳುತ್ತದೆ. ಅದು ಕಂಡಿತೋ, ಮರ ಹೋಯ್ತು ಅಂತಲೇ ಲೆಕ್ಕ. ಅದೇ ಗ್ಯಾನೋಡರ್ಮಾ ಕುಲದ ಅಣಬೆಯನ್ನು ಚೀನಾ, ಜಪಾನಿನಲ್ಲಿ ಬಹಳ ಹಿಂದಿನಿಂದ ಔಷಧಿ ಅಂತ ಕುದಿಸಿ ಕುಡಿಯುತ್ತಾರೆ. ರೀಶಿ ಅಂತ ಡಬ್ಬಿಯಲ್ಲಿ ಬರುವುದು ಅದೇ. ನಾನು ತಂದ ಡಬ್ಬಿಯ ಮೇಲಿನ ಚಿತ್ರ ನೋಡಿ ಅಮ್ಮ ಕೇಳಿದ್ದು ಇಷ್ಟೇ: "ಇದನ್ನ ಕಿತ್ತು ಸುಡೋಕೆ ಆಳಿಗೆ ಕೂಲಿ ಕೊಡ್ತೀವಿ. ನೀನು ದುಡ್ಡು ಕೊಟ್ಟು ತಂದ್ಯೇನೋ?"

ಹಾಗಾದ್ರೆ ತೋಟದ್ದನ್ನೇ ಕುದಿಸಬಹುದಲ್ವಾ ಅಂತ ಕೇಳುವವರಿದ್ದಾರೆ. ಬೇಡ. ಈ ಕುಲದಲ್ಲಿ ಹತ್ತಾರು ಜಾತಿಗಳಿವೆ, ಸುಮ್ನೆ ಕಣ್ಣಲ್ಲಿ ನೋಡಿ ಗುರುತಿಸಲು ಆಗುವುದಿಲ್ಲ. ಜೊತೆಗೆ ಕೊಳೆರೋಗಕ್ಕೆ ಹೊಡೆದ ಮೈಲುತುತ್ತ ಅದರ ಮೇಲೆ ಬಿದ್ದಿರುತ್ತದೆ.

ನನಗೆ ಬೇಕಾಗಿದ್ದದ್ದು ಸರಿಯಾದ ನಿದ್ದೆ. ಕೊಳ್ಳುವ ಮೊದಲು ಲೇಬಲ್ ಓದುವುದನ್ನು ಕಲಿತೆ. ಅಣಬೆ ಅಂತ ನಾವು ಕರೆಯುವ ಭಾಗ ಫ್ರೂಟಿಂಗ್ ಬಾಡಿ. ಅದರ ಕೆಳಗಿನ ಬಿಳಿ ಎಳೆಗಳ ಬಲೆ ಮೈಸೀಲಿಯಂ. ಅಗ್ಗದ ಕೆಲವು ಪುಡಿಗಳಲ್ಲಿ ಕಾಳಿನ ಮೇಲೆ ಮೈಸೀಲಿಯಂ ಬೆಳೆಸಿ, ಕಾಳಿನ ಸಮೇತ ಒಣಗಿಸಿ ಬೀಸಿರುತ್ತಾರೆ. 'ಪಾಲಿಸ್ಯಾಕರೈಡ್ ಇಷ್ಟು ಶೇಕಡಾ' ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಪಾಲಿಸ್ಯಾಕರೈಡ್ ಅಂದ್ರೆ ಸಕ್ಕರೆ ಕಣಗಳ ಉದ್ದ ಸರಪಳಿ. ಅಕ್ಕಿಯ ಪಿಷ್ಟವೂ ಪಾಲಿಸ್ಯಾಕರೈಡೇ ಅಲ್ವಾ! ನೋಡಬೇಕಾದದ್ದು ಅಣಬೆಯ ಕೋಶದ ಗೋಡೆಯಲ್ಲಿರುವ ಪಾಲಿಸ್ಯಾಕರೈಡ್, ಅಂದ್ರೆ ಬೀಟಾ-ಗ್ಲುಕನ್ ಎಷ್ಟು ಅಂತ ಬೇರೆಯಾಗಿ ಬರೆದಿದ್ದಾರಾ ಅನ್ನೋದನ್ನು.

ಲೇಬಲ್ ನಂಬದಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮೆಡಿಕಲ್ ಸ್ಟೋರಿನಿಂದ ಟಿಂಚರ್ ಅಯೋಡಿನ್ ತಂದೆ. ಎರಡು ಬಿಳಿ ಬಟ್ಟಲು ಇಟ್ಟು ಒಂದಕ್ಕೆ ಗಂಜಿ ತಿಳಿ, ಇನ್ನೊಂದಕ್ಕೆ ಕಾಲು ಚಮಚ ಪುಡಿಯನ್ನು ಕುದಿಸಿ ಸೋಸಿದ ನೀರು ಹಾಕಿದೆ. ಎರಡೂ ಪೂರ್ತಿ ಆರಬೇಕು, ಬಿಸಿ ಇದ್ದರೆ ಬಣ್ಣ ಏಳುವುದಿಲ್ಲ. ರೀಶಿ ನೀರೇ ಕಂದು ಇರುವುದರಿಂದ ಚೆನ್ನಾಗಿ ತೆಳು ಮಾಡಿಕೊಂಡೆ. ತೊಟ್ಟು ಬಿಟ್ಟ ಕೂಡಲೇ ಗಂಜಿ ಕಡುನೀಲಿಗೆ ತಿರುಗಿತು. ನನ್ನ ಮೊದಲ ಡಬ್ಬಿಯ ನೀರೂ ಹೆಚ್ಚು ಕಡಿಮೆ ಅದೇ ಬಣ್ಣಕ್ಕೆ ಬಂತು! ಅಣಬೆಯಲ್ಲಿ ಪಿಷ್ಟ ಇರುವುದಿಲ್ಲ, ಅದು ಕೂಡಿಡುವುದು ಗ್ಲೈಕೋಜನ್ ಅನ್ನುವ ಬೇರೆ ಪದಾರ್ಥ. ಹಾಗಾಗಿ ಆ ನೀಲಿ ಬಂದದ್ದು ಕಾಳಿನಿಂದ. ಆಮೇಲೆ ತರಿಸಿದ ಒಣ ರೀಶಿ ಚೂರುಗಳನ್ನೂ ಹೀಗೇ ನೋಡಿದೆ, ನೀರು ಚಹಾ ಬಣ್ಣದಲ್ಲೇ ಉಳಿಯಿತು. ಪರೀಕ್ಷೆ ಮಾಡಿದ ನೀರನ್ನು ಚೆಲ್ಲಿಬಿಡಿ, ಕುಡಿಯಬೇಡಿ.

ಆ ಚೂರುಗಳು ಕಟ್ಟಿಗೆಯ ಹಾಗೆ ಇರುತ್ತವೆ, ಅಗಿಯಲು ಬರುವುದಿಲ್ಲ. ಬೀಟಾ-ಗ್ಲುಕನ್ ಬಿಡಬೇಕಾದರೆ ಬಿಸಿನೀರಲ್ಲಿ ಹೊತ್ತು ಹೋಗಬೇಕು. ಸುಮಾರು ಮೂರು ಗ್ರಾಂ ಚೂರನ್ನು ಅರ್ಧ ಲೀಟರ್ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಯುವ ತನಕ ಇಡುತ್ತಿದ್ದೆ. ಚೀನಾದ ಅಧಿಕೃತ ಔಷಧ ಗ್ರಂಥ ಫಾರ್ಮಕೋಪಿಯಾ ಹೇಳುವುದು ದಿನಕ್ಕೆ 6ರಿಂದ 12 ಗ್ರಾಂ. ನಾನು ಅಷ್ಟಕ್ಕೆ ಹೋಗಲಿಲ್ಲ. ಕಹಿ ಅಂದ್ರೆ ನೆಲಬೇವಿನ ಕಹಿ. ಕಹಿ ಕೊಡುವುದು ಅದರಲ್ಲಿರುವ ಟ್ರೈಟರ್ಪೀನ್ ಅನ್ನುವ ಅಂಶಗಳು, ಕಹಿಯೇ ಇಲ್ಲದ ರೀಶಿ ಸಿಕ್ಕರೆ ಅನುಮಾನ ಪಡಬೇಕು.

ನಿದ್ದೆ ಬಂತಾ? ಸ್ವಲ್ಪ ಸುಧಾರಿಸಿತು. ಆದರೆ ಅದೇ ಸಮಯಕ್ಕೆ ಸಂಜೆಯ ಕಾಫಿ ಬಿಟ್ಟಿದ್ದೆ, ಹಾಗಾಗಿ ಪೂರ್ತಿ ಕೀರ್ತಿಯನ್ನು ಅಣಬೆಗೆ ಕೊಡುವುದಿಲ್ಲ. ನೆನಪಿನ ಶಕ್ತಿಗೆ ಅಂತ ಮಾರುವ ಇನ್ನೊಂದು ಅಣಬೆ ಲಯನ್ಸ್ ಮೇನ್. ಅದರ ಬಗ್ಗೆ ಜಪಾನಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಸ್ವಲ್ಪ ಮರೆವು ಶುರುವಾಗಿದ್ದ, 50 ದಾಟಿದ 30 ಜನ 16 ವಾರ ಅದರಲ್ಲಿದ್ದರು. ಪುಡಿ ತಿಂದವರಿಗೆ ಮರೆವಿನ ಪರೀಕ್ಷೆಯಲ್ಲಿ ಬಂದ ಅಂಕ ಏರಿತು, ನಿಲ್ಲಿಸಿದ ಮೇಲೆ ಇಳಿಯಿತು. 30 ಜನರ ಮೇಲೆ ನೋಡಿದ್ದನ್ನು ಇಡೀ ಊರಿಗೆ ಮಾರುತ್ತಾರೆ, ಅದೇ ನನ್ನ ತಕರಾರು. ಇನ್ನು ಕ್ಯಾನ್ಸರ್ ವಾಸಿ ಮಾಡುತ್ತದೆ ಅನ್ನುವವರ ಮಾತು ಕೇಳಲೇಬೇಡಿ. ಟರ್ಕಿ ಟೇಲ್ ಅಣಬೆಯಿಂದ ತೆಗೆದ ಪಿಎಸ್‌ಕೆ ಅನ್ನುವ ಔಷಧಿಯನ್ನು ಜಪಾನ್ 1970ರ ದಶಕದಲ್ಲಿ ಒಪ್ಪಿದ್ದು ನಿಜ. ಆದರೆ ಅದನ್ನು ಕೊಡುತ್ತಿದ್ದದ್ದು ಮುಖ್ಯವಾಗಿ ಆಸ್ಪತ್ರೆ ಚಿಕಿತ್ಸೆಯ ಜೊತೆಗೆ, ಚಿಕಿತ್ಸೆಯ ಬದಲಿಗಲ್ಲ. ನಮ್ಮಲ್ಲೂ ಇಂಥ ಪೂರಕಗಳ ಲೇಬಲ್ ಮೇಲೆ 'ಔಷಧಿಯಾಗಿ ಬಳಸಲು ಅಲ್ಲ' ಅಂತ ಹಾಕಲೇಬೇಕು ಅನ್ನುವ ನಿಯಮ ಇದೆ.

ಅಪ್ಪ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಾರೆ. ಹಾಗಾಗಿ ಅವರಿಗೆ ಒಂದು ಲೋಟವೂ ಕೊಡಲಿಲ್ಲ, ರೀಶಿ ರಕ್ತಸ್ರಾವ ಹೆಚ್ಚಿಸಬಹುದು. ಬಿಪಿ, ಶುಗರ್ ಮಾತ್ರೆ ಇರುವವರೂ ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಚಾಗಾ ಅನ್ನೋ ಇನ್ನೊಂದು ಅಣಬೆ ಇದೆ, ಅದರಲ್ಲಿ ಕಿಡ್ನಿ ಕಲ್ಲಿಗೆ ದಾರಿ ಮಾಡುವ ಆಕ್ಸಲೇಟ್ ಜಾಸ್ತಿ. ನನಗೆ ಒಮ್ಮೆ ಕಿಡ್ನಿ ಕಲ್ಲು ಆಗಿತ್ತು, ಅದರ ತಂಟೆಗೇ ಹೋಗಲಿಲ್ಲ.

ಈಗ ರೀಶಿ ಮುಗಿದಿದೆ, ಮತ್ತೆ ತರಿಸಿಲ್ಲ. ಮನೆಯಲ್ಲಿ ಉಳಿದಿರುವುದು ಸಾದಾ ಚಿಪ್ಪು ಅಣಬೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜ ಸಿಗುತ್ತದೆ, ಭತ್ತದ ಹುಲ್ಲು ನಮ್ಮಲ್ಲೇ ಇದೆ. ಅಣಬೆಯಲ್ಲಿರುವ ಎರ್ಗೋಸ್ಟೆರಾಲ್ ಅನ್ನುವ ಅಂಶಕ್ಕೆ ಬಿಸಿಲಿನ ಯುವಿ-ಬಿ ಕಿರಣ ತಾಗಿದರೆ ಅದು ವಿಟಮಿನ್ ಡಿ2 ಆಗುತ್ತದೆ. ಮೀನು, ಮೊಟ್ಟೆ ಮುಟ್ಟದ ನಮ್ಮಂಥವರಿಗೆ ಊಟದಲ್ಲಿ ಡಿ ಸಿಗುವ ದಾರಿಗಳು ಕಡಿಮೆ. ಅಣಬೆಯನ್ನು ಉದ್ದಕ್ಕೆ ಸೀಳಿ, ಕೆಳಗಿನ ಪದರಗಳು ಮೇಲೆ ಬರುವ ಹಾಗೆ ಮೊರದಲ್ಲಿ ಹರಡಿ, ಹನ್ನೊಂದರಿಂದ ಎರಡರವರೆಗೆ ಅಂಗಳದಲ್ಲಿ ಇಡುತ್ತೇನೆ. ಕಿಟಕಿ ಗಾಜಿನ ಒಳಗಿಟ್ಟರೆ ಒಣಗುತ್ತದೆ ಅಷ್ಟೇ, ಯುವಿ-ಬಿ ಗಾಜು ದಾಟುವುದಿಲ್ಲ. ಆಮೇಲೆ ಮುಟ್ಟಿದರೆ ಮುರಿಯುವಷ್ಟು ಒಣಗಿಸಿ, ಗಾಳಿಯಾಡದ ಡಬ್ಬಿಗೆ ತುಂಬಿ ಕತ್ತಲಲ್ಲಿ ಇಡುತ್ತೇನೆ. ದಿನ ಕಳೆದಂತೆ ಡಿ ಇಳಿಯುತ್ತದೆ, ಹಾಗಾಗಿ ಜಾಸ್ತಿ ಕೂಡಿಡುವುದಿಲ್ಲ.

ಡಿ2 ರಕ್ತದಲ್ಲಿ ಮೀನು, ಮೊಟ್ಟೆಯಲ್ಲಿ ಸಿಗುವ ಡಿ3ರಷ್ಟು ಹೊತ್ತು ನಿಲ್ಲುವುದಿಲ್ಲ, ಡಾಕ್ಟರ್ ಬರೆದ ಮಾತ್ರೆಯನ್ನೂ ನಾನು ಬಿಟ್ಟಿಲ್ಲ. ಒಣ ಅಣಬೆಯನ್ನು ಹುರಿದ ಉದ್ದಿನಬೇಳೆ, ಬ್ಯಾಡಗಿ ಮೆಣಸು, ಹುಣಸೆಹಣ್ಣಿನ ಜೊತೆ ಬೀಸಿ ಚಟ್ನಿಪುಡಿ ಮಾಡುತ್ತೇವೆ. ಅದು ಅಮ್ಮನಿಗೂ ಇಷ್ಟ, ದೋಸೆಗೆ ಕೇಳಿ ಹಾಕಿಸಿಕೊಳ್ಳುತ್ತಾರೆ.