ಪಟ್ಟೆ ಕೊಳ್ಳುವ ಮುಂಚೆ ಚರ್ಮದ ಮೇಲೆ ಅಂಗೈ ಇಟ್ಟು ನೋಡಿ

ಹೋದ ತಿಂಗಳು ಮೊಮ್ಮಗ ಬೆಂಗಳೂರಿನಿಂದ ಬಂದಿದ್ದ. ಬ್ಯಾಗಿನಿಂದ ಹೊಸ ಕ್ಷೌರದ ಕತ್ತಿ ತೆಗೆದು ತೋರಿಸಿದ. ಬ್ಲೇಡ್ ಸಿಕ್ಕಿಸುವಂಥದ್ದಲ್ಲ, ಹಳೇ ಕಾಲದ ಮಡಚುವ ಕತ್ತಿ. ನೋಡಿ ತುಂಬಾ ಖುಷಿಯಾಯಿತು. ಆಮೇಲೆ ಅದರ ಜೊತೆಗೆ ಕೊಂಡಿದ್ದ, ಕತ್ತಿ ಆಡಿಸಿ ನೆಟ್ಟಗೆ ಮಾಡುವ ಚರ್ಮದ ಪಟ್ಟೆ ಬಿಚ್ಚಿದ. ಹೊಟ್ಟೆ ಉರಿದುಹೋಯಿತು. ಕೊಂಡು ತಿಂಗಳಾಗಿಲ್ಲ, ಮೈತುಂಬಾ ಗಾಯ. ಒಂದು ಕಡೆ ಸಿಪ್ಪೆ ಎದ್ದು ನಿಂತಿದೆ. ನಡುವೆ ಹಸಿರು ಪೇಸ್ಟ್ ಮೆತ್ತಿದ್ದಾನೆ. ಅದು ಸಾಲದು ಅಂತ ಕೊಬ್ಬರಿ ಎಣ್ಣೆ ಬೇರೆ ಹಚ್ಚಿದ್ದಾನೆ. ಎಷ್ಟು ಕೊಟ್ಟೆಯೋ ಅಂತ ಕೇಳಿದರೆ, ಕತ್ತಿಗಿಂತ ಪಟ್ಟೆಗೇ ಜಾಸ್ತಿ ಕೊಟ್ಟಿದ್ದಾನೆ. ಅವನ ಸ್ನೇಹಿತರ ಪಟ್ಟೆಗಳ ಫೋಟೋ ತೋರಿಸಿದ. ಅವುಗಳದ್ದೂ ಇದೇ ಗತಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ಬಂದದ್ದು ಕ್ಷೌರದ ಕಸುಬಿನ ಮನೆಗೆ, ಮೈಸೂರಿಗೆ. ಮಾವನವರಿಗೆ ಸಣ್ಣ ಅಂಗಡಿ ಇತ್ತು. ಮದುವೆ ಕಾಲ ಬಂತೆಂದರೆ ಓಲಗಕ್ಕೂ ಹೋಗುತ್ತಿದ್ದರು. ಅವರ ಹಡಪದಲ್ಲಿ, ಅಂದರೆ ಕ್ಷೌರದ ಸಾಮಾನಿನ ಚೀಲದಲ್ಲಿ, ನಾಲ್ಕು ಕತ್ತಿಗಳಿದ್ದವು. ಎರಡರ ಮೇಲೆ ಜರ್ಮನಿಯ ಸೋಲಿಂಗೆನ್ ಊರಿನ ಮುದ್ರೆ ಇತ್ತು. ಕತ್ತಿ ಮುಟ್ಟುವ ಹಾಗಿರಲಿಲ್ಲ, ಆದರೆ ಹೊಸ ಪಟ್ಟೆ ಹದ ಮಾಡುವ ಕೆಲಸ ಮಾತ್ರ ಮನೆಯ ಹೆಂಗಸರದ್ದು. ನನ್ನ ಅತ್ತೆ ಮಾಡುತ್ತಿದ್ದರು, ಆಮೇಲೆ ನಾನು ಮಾಡಿದೆ. ಹಾಗಾಗಿ ಕತ್ತಿಯ ವಿಷಯದಲ್ಲಿ ಯಾರು ಏನಾದರೂ ಹೇಳಲಿ, ಚರ್ಮದ ವಿಷಯ ನನಗೆ ಗೊತ್ತು.

ಮೊದಲು ಒಂದು ಮಾತು. ಪಟ್ಟೆ ಕತ್ತಿಯನ್ನು ಮಸೆಯುವುದಿಲ್ಲ. ಮಸೆಯುವುದು ಕಲ್ಲಿನ ಕೆಲಸ. ಒಂದು ಸಲ ಗಡ್ಡ ತೆಗೆದರೆ ಕತ್ತಿಯ ಬಾಯಿ, ಅಂದರೆ ಕೊಯ್ಯುವ ಅಂಚು, ಕಣ್ಣಿಗೆ ಕಾಣದಷ್ಟು ಅತ್ತಿತ್ತ ಬಾಗಿರುತ್ತದೆ. ಕೆದರಿದ ತಲೆ ಬಾಚಿದ ಹಾಗೆ ಪಟ್ಟೆ ಅದನ್ನು ನೆಟ್ಟಗೆ ಮಾಡುತ್ತದೆ, ಅಷ್ಟೇ. ಬಾಚುವಾಗ ಯಾರಾದರೂ ತಲೆ ಒತ್ತಿ ಹಿಡಿಯುತ್ತಾರಾ? ಈ ಹುಡುಗರು ಪಟ್ಟೆಯ ಮೇಲೆ ಕತ್ತಿಯನ್ನು ರೊಟ್ಟಿ ತಟ್ಟಿದ ಹಾಗೆ ಒತ್ತುತ್ತಾರೆ. ಒತ್ತಿದರೆ ಚರ್ಮ ಬಾಗಿ ಕತ್ತಿಯ ಬಾಯಿಗೆ ಸುತ್ತಿಕೊಳ್ಳುತ್ತದೆ. ಚೂಪಾಗಬೇಕಾದದ್ದು ದುಂಡಗಾಗುತ್ತದೆ. ಆಮೇಲೆ ಪಟ್ಟೆ ಸರಿಯಿಲ್ಲ ಅಂತ ಅದಕ್ಕಿಂತ ದುಬಾರಿಯದು ಹುಡುಕುತ್ತಾರೆ.

ಕೊಳ್ಳುವಾಗ ಹೆಸರು ನೋಡಬೇಡಿ, ಚರ್ಮ ನೋಡಿ. ಮೂಗಿನಿಂದ ಶುರುಮಾಡಿ. ಮರದ ತೊಗಟೆಯಲ್ಲಿ ಹದ ಮಾಡಿದ ಚರ್ಮ ಮಣ್ಣಿನ ಹಾಗೆ, ಮರದ ಚಕ್ಕೆಯ ಹಾಗೆ ವಾಸನೆ ಬರುತ್ತದೆ. ಕ್ರೋಮ್ ಅನ್ನುವ ರಾಸಾಯನಿಕ ಹಾಕಿ ಹದ ಮಾಡಿದ್ದು ಔಷಧಿಯ ಹಾಗೆ ಬರುತ್ತದೆ. ರೆಕ್ಸಿನ್ನಾದರೆ ಹೊಸ ಬಸ್ಸಿನ ಸೀಟಿನ ವಾಸನೆ. ಆಮೇಲೆ ಕತ್ತರಿಸಿದ ಅಂಚು ನೋಡಿ. ತೊಗಟೆಯದಾದರೆ ಮೇಲಿನಿಂದ ಕೆಳಗಿನವರೆಗೆ ಕಂದು ಬಣ್ಣ ಇರುತ್ತದೆ. ಕ್ರೋಮ್ ಆದರೆ ಒಳಗೆ ಸಾಮಾನ್ಯವಾಗಿ ನೀಲಿ ಬೂದು ಗೆರೆ ಕಾಣುತ್ತದೆ. ಕ್ರೋಮಿನದು ಮೆತ್ತಗೆ, ರಬ್ಬರಿನ ಹಾಗೆ ಜಗ್ಗುತ್ತದೆ. ಚೀಲಕ್ಕೆ, ಶೂಗೆ ಅದು ಸರಿ. ಪಟ್ಟೆಗೆ ಬೇಡ. ಅಪ್ಪನ ಹಳೇ ಬೆಲ್ಟ್ ಸಾಕಲ್ವಾ ಅಂತ ಮೊಮ್ಮಗ ಕೇಳಿದ. ಸಾಲದು. ಬೆಲ್ಟಿಗೆ ನಡುವೆ ಹೊಲಿಗೆ ಇರುತ್ತದೆ, ಮೇಲೆ ಬಣ್ಣದ ಪದರ ಇರುತ್ತದೆ, ಅಗಲವೂ ಸಾಲದು.

ಇನ್ನು ಪಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿ. ಬಾಳೆ ಎಲೆಯ ಹಾಗೆ ಅಂಚುಗಳು ಮೇಲೆದ್ದಿದ್ದರೆ ವಾಪಸ್ ಕೊಡಿ. ಅಂಗಡಿಯವನು ಬಳಸುತ್ತಾ ಸರಿಹೋಗುತ್ತೆ ಅಂದರೆ ನಂಬಬೇಡಿ, ಸರಿಹೋಗುವುದಿಲ್ಲ. ಒಳಮುಖವಾಗಿ ಮೆಲ್ಲಗೆ ಬಗ್ಗಿಸಿ. ಪ್ರಾಣಿಯ ಬೆನ್ನಿನ ಚರ್ಮವಾದರೆ ಸಣ್ಣ ಸಣ್ಣ ಸುಕ್ಕು ಬಿದ್ದು ಬಾಗುತ್ತದೆ. ಹೊಟ್ಟೆ ಭಾಗದ್ದಾದರೆ ಸಡಿಲವಾಗಿ ದೊಡ್ಡ ಸುಕ್ಕು ಬೀಳುತ್ತದೆ. ಹೊಟ್ಟೆಯ ಚರ್ಮ ನಾಳೆ ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ಹಿಗ್ಗುತ್ತದೆ.

ಕೊನೆಗೆ ಅಂಗೈ. ಒಣಗಿದ ಅಂಗೈಯನ್ನು ಚರ್ಮದ ಮೇಲಿಟ್ಟು ಭಾರ ಹಾಕದೆ ಎಳೆಯಿರಿ. ಜಾರಿಹೋಗುತ್ತದಾ, ಅಥವಾ ನಿಮ್ಮ ಕೈಯನ್ನು ಸ್ವಲ್ಪ ಹಿಡಿದುಕೊಳ್ಳುತ್ತದಾ? ಮಾವನವರು ಅದನ್ನು ಹಿಡಿತ ಅನ್ನುತ್ತಿದ್ದರು. ಚರ್ಮ ಚರ್ಮಕ್ಕೆ ಇರುವ ವ್ಯತ್ಯಾಸವೆಲ್ಲ ಈ ಹಿಡಿತದಲ್ಲಿ ಇದೆ. ದನದ ಚರ್ಮ ಎಲ್ಲರಿಗೂ ಹೊಂದುತ್ತದೆ, ಹಿಡಿತ ಹದವಾಗಿರುತ್ತದೆ. ಅದರಲ್ಲೇ ಎಣ್ಣೆ, ಮೇಣ ಕುಡಿಸಿದ ಲ್ಯಾಟಿಗೋ ಅಂತ ಮಾರುತ್ತಾರೆ, ಅದರ ಹಿಡಿತ ಜಾಸ್ತಿ. ಕಲಿಯುವವರಿಗೆ ಅದು ಒಳ್ಳೆಯದು, ಕತ್ತಿ ಎಲ್ಲಿ ಹೋಗುತ್ತಿದೆ ಅಂತ ಕೈಗೆ ಗೊತ್ತಾಗುತ್ತದೆ. ಕುದುರೆ ಚರ್ಮ ತೆಳ್ಳಗೆ, ನುಣ್ಣಗೆ, ಹಿಡಿತ ಕಮ್ಮಿ. ಕಾರ್ಡೋವನ್ ಅಂತ ಒಂದಿದೆ. ಅದು ಕುದುರೆಯ ಹಿಂಭಾಗದ ಒಳಪದರ. ಶಿಕಾಗೋದ ಹಾರ್ವೀನ್ ಅನ್ನುವ ಹದಗಾರಿಕೆಯವರು 1905ರಿಂದ ಚರ್ಮದ ಕೆಲಸದಲ್ಲಿದ್ದಾರೆ. ಅವರಿಗೂ ಅದನ್ನು ಹದ ಮಾಡಲು ಆರು ತಿಂಗಳು ಬೇಕಂತೆ, ಮೊಮ್ಮಗ ಓದಿ ಹೇಳಿದ. ನನ್ನ ಅಣ್ಣನ ಮಗ ಜಪಾನಿನಿಂದ ಅಂಥದೊಂದು ತಂದಿದ್ದ. ಗಾಜಿನ ಹಾಗೆ ನುಣುಪು, ನೋಡಿದರೆ ಕೆನ್ನೆಗೆ ಒತ್ತಿಕೊಳ್ಳಬೇಕು ಅನ್ನಿಸುತ್ತಿತ್ತು. ಆದರೆ ಮೊದಲ ಪಟ್ಟೆಯಾಗಿ ಅದನ್ನು ಕೊಳ್ಳಲೇಬೇಡಿ. ಮೊದಲ ಪಟ್ಟೆಗೆ ಗಾಯ ಆಗಿಯೇ ಆಗುತ್ತದೆ. ಕಮ್ಮಿ ಬೆಲೆಯ ದನದ ಚರ್ಮದ್ದು ತಗೊಂಡು ಕೈ ಪಳಗಿಸಿ.

ನಮ್ಮ ಮನೆಯಲ್ಲಿದ್ದದ್ದು ಎಮ್ಮೆ ಚರ್ಮ. ಬೆಳಗಾವಿ ಜಿಲ್ಲೆಯ ಅಥಣಿ ಕಡೆಯದು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಅನ್ನುವ ಭೌಗೋಳಿಕ ಗುರುತು ಸಿಕ್ಕಿತಲ್ಲ, ಅದರಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಸೇರಿವೆ. ಆ ಚಪ್ಪಲಿಯ ಚರ್ಮವನ್ನು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುತ್ತಾರೆ. ಮಾವನವರ ಓಲಗದ ಗೆಳೆಯರೊಬ್ಬರು ಅದೇ ಚರ್ಮದಲ್ಲಿ ಮೊಳಕ್ಕಿಂತ ಸ್ವಲ್ಪ ಉದ್ದದ ಪಟ್ಟಿ ಕೊಯ್ಯಿಸಿ ತಂದುಕೊಡುತ್ತಿದ್ದರು. ಎಮ್ಮೆ ಚರ್ಮ ದಪ್ಪ, ಮೇಲ್ಮೈ ಒರಟು, ಹದಕ್ಕೆ ಬರಲು ಜಾಸ್ತಿ ದಿನ ಹಿಡಿಯುತ್ತದೆ. ಬಂದಮೇಲೆ ಒಂದು ಪಟ್ಟೆ ನಮ್ಮಲ್ಲಿ ಹದಿನೈದು ವರ್ಷ ಬಾಳಿತು.

ಅಗಲದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕತ್ತಿಯ ಬಾಯಿ ಸುಮಾರು 3 ಅಂಗುಲ ಇರುತ್ತದೆ. ಪಟ್ಟೆಯೂ 3 ಅಂಗುಲವಾದರೆ ನೇರವಾಗಿ ಎಳೆಯಬಹುದು. 2 ಅಂಗುಲದ್ದಾದರೆ ಓರೆಯಾಗಿ ಎಳೆಯುವುದನ್ನು ಕಲಿಯಬೇಕು. ಮರದ ಹಲಗೆಗೆ ಅಂಟಿಸಿದ ಪಟ್ಟೆ ಪ್ರಯಾಣಕ್ಕೆ ಸರಿ. ಮನೆಗೆ ನೇತುಹಾಕುವುದೇ ಚೆಂದ. ಹಿಂದೆ ಒಂದು ದಪ್ಪ ಬಟ್ಟೆಯ ಪಟ್ಟಿಯೂ ಇರಲಿ. ಮೊದಲು ಬಟ್ಟೆಯ ಮೇಲೆ 20 ಸಲ, ಆಮೇಲೆ ಚರ್ಮದ ಮೇಲೆ 50 ಸಲ ಆಡಿಸಿದರೆ ದಿನದ ಲೆಕ್ಕ ಮುಗಿಯಿತು.

ಈಗ ಎಲ್ಲರೂ ಬಿಟ್ಟುಬಿಡುವ ಕೆಲಸಕ್ಕೆ ಬರುತ್ತೇನೆ. ಹೊಸ ಪಟ್ಟೆಯನ್ನು ಡಬ್ಬಿಯಿಂದ ತೆಗೆದು ನೇರ ಗೋಡೆಗೆ ನೇತುಹಾಕುತ್ತಾರೆ. ಅದು ಪಟ್ಟೆ ಅಲ್ಲ, ಬರೀ ಚರ್ಮ. ನನ್ನ ಅತ್ತೆ ಒಂಬತ್ತು ದಿನ ಅದಕ್ಕೆ ನೊರೆ ಕುಡಿಸುತ್ತಿದ್ದರು. ಒಂದು ದಿನವೂ ಕಮ್ಮಿ ಮಾಡುತ್ತಿರಲಿಲ್ಲ.

ಮೊದಲು ಬಳೆ, ಉಂಗುರ, ವಾಚು ಎಲ್ಲ ತೆಗೆದಿಡಿ. ನನ್ನ ಗಾಜಿನ ಬಳೆ ತಾಗಿ ಹೊಸ ಪಟ್ಟೆಗೆ ಗೀರು ಬಿದ್ದಾಗ ಅತ್ತೆ ಎರಡು ದಿನ ಮಾತಾಡಿರಲಿಲ್ಲ. ಕೈಯಲ್ಲಿ ಎಣ್ಣೆ, ಅರಿಶಿನ ಏನೂ ಇರಬಾರದು. ಪಟ್ಟೆಯನ್ನು ಮಣೆಯ ಮೇಲೆ ನುಣುಪು ಮೈ ಮೇಲೆ ಬರುವ ಹಾಗೆ ಮಲಗಿಸಿ. ಶೇವಿಂಗ್ ಸೋಪನ್ನು ಬಟ್ಟಲಿನಲ್ಲಿ ಬ್ರಷ್‌ನಿಂದ ಚೆನ್ನಾಗಿ ಕಡೆಯಿರಿ. ನೀರು ಕಮ್ಮಿ ಇರಲಿ. ನೊರೆ ಕಡೆದ ಬೆಣ್ಣೆಯ ಹಾಗೆ ಬೆರಳಿಗೆ ನಿಲ್ಲಬೇಕು. ತೊಟ್ಟಿಕ್ಕಿದರೆ ಚರ್ಮ ನೀರು ಕುಡಿದು ಉಬ್ಬುತ್ತದೆ. ಚಮಚದ ತುದಿಯಷ್ಟು ನೊರೆಯನ್ನು ಪಟ್ಟೆಯ ಉದ್ದಕ್ಕೂ ತೆಳ್ಳಗೆ ಸವರಿ. ಆಮೇಲೆ ಅಂಗೈಯ ಬುಡದಿಂದ, ಮಣಿಕಟ್ಟಿನ ಹತ್ತಿರ ಗಟ್ಟಿಯಾಗಿ ಇರುತ್ತದಲ್ಲ, ಅಲ್ಲಿಂದ ಉಜ್ಜಿ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಅಡ್ಡಡ್ಡ ಉಜ್ಜಬೇಡಿ. ಮೊದಲು ಜಾರುತ್ತದೆ. ಸ್ವಲ್ಪ ಹೊತ್ತಿಗೆ ಅಂಟಂಟಾಗುತ್ತದೆ. ಅಲ್ಲಿ ಬಿಟ್ಟರೆ ಕೆಟ್ಟಿತು. ಇನ್ನೂ ಉಜ್ಜಿ. ನೊರೆ ಪೂರ್ತಿ ಮಾಯವಾಗಿ, ಚರ್ಮ ಬಿಸಿಯಾಗಿ, ಮತ್ತೆ ಕೈ ಹಗುರಾಗಿ ಓಡತೊಡಗುತ್ತದೆ. ಆಗ ನಿಲ್ಲಿಸಿ.

ಮುಂದೆ ಸೀಸೆ. ಗಾಜಿನದು, ದುಂಡಗಿನದು. ಸೀಸೆಯ ಮೈಮೇಲೆ ಉಗುರು ಓಡಿಸಿ ನೋಡಿ. ಅಚ್ಚಿನ ಗೆರೆ ಉಗುರಿಗೆ ತಗುಲಿದರೆ ಆ ಸೀಸೆ ಬೇಡ, ಆ ಗೆರೆ ಚರ್ಮದ ಮೇಲೆ ಮೂಡುತ್ತದೆ. ನುಣ್ಣಗಿನ ಸೀಸೆಯನ್ನು ಚಪಾತಿ ಲಟ್ಟಿಸಿದ ಹಾಗೆ ಪಟ್ಟೆಯ ಉದ್ದಕ್ಕೂ ಉರುಳಿಸಿ. ಉಸಿರು ಎಳೆದು ಬಿಡುವಷ್ಟು ನಿಧಾನ ಇರಲಿ. ಇಪ್ಪತ್ತು ಮೂವತ್ತು ಸಲ ಸಾಕು. ನಂತರ ನೆರಳಿನಲ್ಲಿ ನೇತುಹಾಕಿ. ಬಿಸಿಲಿಗೆ ಇಟ್ಟರೆ ಬಿರಿಯುತ್ತದೆ. ಮಾರನೇ ದಿನ ಮತ್ತೆ ಇದೇ. ಐದನೇ ದಿನದ ಹೊತ್ತಿಗೆ ಚರ್ಮದ ಬಣ್ಣ ಸ್ವಲ್ಪ ಗಾಢವಾಗುತ್ತದೆ. ಒಂಬತ್ತನೇ ದಿನ ಬೆಳಕಿಗೆ ಹಿಡಿದರೆ ಕಿಟಕಿಯ ಸರಳುಗಳ ನೆರಳು ಮಸುಕಾಗಿ ಕಾಣುತ್ತದೆ. ಎಮ್ಮೆ ಚರ್ಮವಾದರೆ ಇನ್ನೂ ನಾಲ್ಕು ದಿನ ಸೇರಿಸಿ. ಬಟ್ಟೆಯ ಪಟ್ಟಿಗೂ ಸೋಪು ಉಜ್ಜಿ ಸೀಸೆ ಉರುಳಿಸಬಹುದು, ಅದಕ್ಕೆ ಇಷ್ಟು ಉಪಚಾರ ಬೇಡ.

ಆಮೇಲೆ ಎಣ್ಣೆ ಬೇಡವೇ ಬೇಡ. ದಿನವೂ ಕತ್ತಿ ಹಿಡಿಯುವ ಮುಂಚೆ ಬರೀ ಅಂಗೈಯಿಂದ ಹತ್ತಿಪ್ಪತ್ತು ಸಲ ಸವರಿದರೆ ಅಂಗೈಯ ಜಿಡ್ಡೇ ಚರ್ಮಕ್ಕೆ ಸಾಕು. ಕೊಬ್ಬರಿ ಎಣ್ಣೆ ಹಚ್ಚಿದರೆ ಚರ್ಮ ಮೆತ್ತಗಾಗಿ ನೆನೆದ ಹಪ್ಪಳದ ಹಾಗೆ ಜೋಲುತ್ತದೆ. ಇದೇ ಜನ ಅಡುಗೆಮನೆಯಲ್ಲಿ ಉಲ್ಟಾ ಮಾಡುತ್ತಾರೆ ನೋಡಿ. ಕಬ್ಬಿಣದ ದೋಸೆ ಕಾವಲಿಗೆ ಎಣ್ಣೆ ಸವರಿ ಇಡಿ ಅಂದರೆ, ಸೋಪು ಹಾಕಿ ಉಜ್ಜಿ ಒದ್ದೆಯಲ್ಲೇ ಬಿಟ್ಟು ತುಕ್ಕು ಹಿಡಿಸುತ್ತಾರೆ. ಎಣ್ಣೆ ಬೇಕಾದ ಕಡೆ ಇಲ್ಲ, ಬೇಡದ ಕಡೆ ಇದೆ.

ಹಸಿರು ಪೇಸ್ಟ್ ಅಂದರೆ ಕ್ರೋಮಿಯಂ ಆಕ್ಸೈಡ್. ಅದು ಲೋಹವನ್ನು ಸವೆಸುತ್ತದೆ. ಅದನ್ನು ದಿನಬಳಕೆಯ ಚರ್ಮಕ್ಕೆ ಹಚ್ಚಿದರೆ ಆ ಪಟ್ಟೆ ಇನ್ನು ಅದಕ್ಕೇ ಮೀಸಲು. ಬೇರೆ ಹಳೇ ತುಂಡೊಂದಕ್ಕೆ ಹಚ್ಚಿ, ಕತ್ತಿ ಗಡ್ಡ ಜಗ್ಗುತ್ತಿದೆ ಅನ್ನಿಸಿದಾಗ ಮಾತ್ರ ಐದಾರು ಸಲ ಆಡಿಸಿ.

ಆಡಿಸುವ ರೀತಿ ಎರಡೇ ಮಾತು. ಕತ್ತಿಯ ದಪ್ಪ ಬೆನ್ನು ಮುಂದೆ, ಬಾಯಿ ಹಿಂದೆ. ತುದಿ ತಲುಪಿದಾಗ ಕತ್ತಿಯನ್ನು ಬೆನ್ನಿನ ಮೇಲೆ ಹೊರಳಿಸಬೇಕು, ಬಾಯಿಯ ಮೇಲೆ ಅಲ್ಲ. ಮೊಮ್ಮಗನ ಪಟ್ಟೆಯ ಗಾಯಗಳಲ್ಲಿ ಹೆಚ್ಚಿನವು ತುದಿಯಲ್ಲೇ ಇದ್ದವು. ಅವನು ಬಾಯಿಯ ಮೇಲೆ ಹೊರಳಿಸಿದ್ದಾನೆ ಅಂತ ಕೇಳದೆಯೇ ಗೊತ್ತಾಯಿತು. ಪಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ವೇಗ ಬೇಡ. ಮಾವನವರು ಕಣ್ಣು ಮುಚ್ಚಿ ಆಡಿಸುತ್ತಿದ್ದರು. ಓಲಗ ಊದುವವರ ಕಿವಿ ಅವರದ್ದು. ಬೆನ್ನು, ಬಾಯಿ ಎರಡೂ ಸಮವಾಗಿ ಕೂತರೆ ಸರ್‌ರ್ ಅಂತ ಒಂದೇ ಶ್ರುತಿ ಬರುತ್ತಿತ್ತು. ಬಾಯಿ ಸ್ವಲ್ಪ ಎದ್ದರೂ ದನಿ ಬದಲಾಗುತ್ತಿತ್ತು, ತಕ್ಷಣ ನಿಲ್ಲಿಸಿಬಿಡುತ್ತಿದ್ದರು. ಒಳಮನೆಯಲ್ಲಿ ಕಾಫಿ ಸೋಸುತ್ತಿದ್ದ ನನಗೂ ಆ ವ್ಯತ್ಯಾಸ ಕೇಳುತ್ತಿತ್ತು.

ಏಡ್ಸ್ ಬಗ್ಗೆ ಜನಕ್ಕೆ ತಿಳಿವಳಿಕೆ ಬಂದ ಮೇಲೆ ಅಂಗಡಿಗಳಿಗೆ ಅರ್ಧ ಬ್ಲೇಡಿನ ಕತ್ತಿ ಬಂತು. ಒಬ್ಬರಿಗೆ ಒಂದು ಬ್ಲೇಡು. ಅದು ಸರಿಯಾದದ್ದೇ. ನಮ್ಮ ಪಟ್ಟೆ ಅಟ್ಟ ಸೇರಿತು. ಮನೆಯಲ್ಲಿ ಈ ಕತ್ತಿ ಬಳಸುವವರೂ ಇದನ್ನು ಮರೆಯಬೇಡಿ. ಒಂದು ಕತ್ತಿ ಒಬ್ಬರ ಮುಖಕ್ಕೆ ಮಾತ್ರ. ಅಣ್ಣ ತಮ್ಮ, ಅಪ್ಪ ಮಗ ಅಂತ ಹಂಚಿಕೊಳ್ಳಬೇಡಿ. ಗಡ್ಡ ತೆಗೆದ ಮೇಲೆ ಕತ್ತಿಯನ್ನು ಪೂರ್ತಿ ಒರೆಸಿ ಒಣಗಿಸಿ. ಒದ್ದೆ ಕತ್ತಿ ತೊಗಟೆ ಹದದ ಚರ್ಮಕ್ಕೆ ತಾಗಿದರೆ ಕಪ್ಪು ಕಲೆ ಬೀಳುತ್ತದೆ, ಹೋಗುವುದಿಲ್ಲ.

ಮಳೆಗಾಲದಲ್ಲಿ ಪಟ್ಟೆಯನ್ನು ಬಚ್ಚಲುಮನೆಯಲ್ಲಿ ಬಿಡಬೇಡಿ, ಬೂಷ್ಟು ಹಿಡಿಯುತ್ತದೆ. ಮಡಚಬೇಡಿ, ಸುರುಳಿ ಸುತ್ತಿ ಬೀರುವಿನಲ್ಲಿ ಇಡಬೇಡಿ. ಗಾಳಿಯಾಡುವ ಕಡೆ ಉದ್ದಕ್ಕೆ ನೇತುಹಾಕಿ. ಸಣ್ಣ ಗಾಯವಾಗಿದ್ದರೆ ಎಸೆಯಬೇಕಾಗಿಲ್ಲ. ಎದ್ದ ಸಿಪ್ಪೆಯ ಕೆಳಗೆ ಕಡ್ಡಿ ತುದಿಯಿಂದ ಒಂದು ಹನಿ ರಬ್ಬರ್ ಅಂಟು ಬಿಟ್ಟು, ಒತ್ತಿ, ರಾತ್ರಿಯಿಡೀ ಭಾರ ಹೇರಿ. ಒಣಗಿದ ಮೇಲೆ ತುಂಬಾ ನಯವಾದ ಉಪ್ಪುಕಾಗದದಿಂದ ಅಷ್ಟೇ ಜಾಗವನ್ನು ಉಜ್ಜಿ ಸಮ ಮಾಡಿ. ಮೊಮ್ಮಗನದ್ದನ್ನು ಹಾಗೇ ಮಾಡಿದ್ದೇನೆ. ಎಣ್ಣೆ ಕುಡಿದ ಕಡೆ ಇನ್ನೂ ಮೆತ್ತಗಿದೆ. ಮಣೆಯ ಮೇಲೆ ಮಲಗಿಸಿ ನೊರೆ ಕುಡಿಸುತ್ತಿದ್ದೇನೆ, ಇವತ್ತಿಗೆ ನಾಲ್ಕು ದಿನವಾಯಿತು.