ಹೊರಗಿನಿಂದ ಒಂದೂ ಪ್ರಾಣಿ ತಾರದೆ ರೀಸಸ್ ಕಾಲೊನಿಯ ವೈವಿಧ್ಯ ಉಳಿಸಿಕೊಂಡದ್ದು: ನನ್ನ ಅನುಭವ

ನೆಲೆಗೊಂಡ ರೀಸಸ್ ಕೋತಿಗಳ ಗುಂಪಿಗೆ ಬೇರೆ ಗುಂಪಿನ ಬಲಿತ ಗಂಡನ್ನು ಬಿಟ್ಟರೆ ವಾರ ಕಳೆಯುವುದರೊಳಗೆ ಹೆಣ ಎತ್ತಬೇಕಾಗುತ್ತದೆ ಎಂದು ಹನ್ನೆರಡು ವರ್ಷಗಳ ಹಿಂದೆ ನನ್ನನ್ನು ಎಚ್ಚರಿಸದ ಸಹೋದ್ಯೋಗಿಗಳೇ ಇರಲಿಲ್ಲ. ಈಗ ಸಂಶೋಧನೆಗಾಗಿ ನಾವು ಸಾಕುವ ಒಂಬತ್ತು ಗುಂಪುಗಳಲ್ಲಿ ಸುಮಾರು 400 ಪ್ರಾಣಿಗಳಿವೆ. ಎಂಟು ವರ್ಷಗಳಿಂದ ಹೊಸ ಪ್ರಾಣಿ ಬಂದಿಲ್ಲವಾದರೂ ಹುಟ್ಟುವ ಮರಿಗಳ ಸರಾಸರಿ ಬಂಧುತ್ವ ಬಹುಮಟ್ಟಿಗೆ ಇದ್ದಲ್ಲಿಯೇ ಇದೆ.

ಈ ಕೆಲಸಕ್ಕೆ ನನ್ನನ್ನು ಹಚ್ಚಿದ್ದು ಒಂದು ಕೆಟ್ಟ ಅನುಭವ. ಎಸ್‌ಐವಿ (ಕೋತಿಗಳಲ್ಲಿ ಏಡ್ಸ್‌ನಂಥ ರೋಗ ತರುವ ವೈರಸ್) ಲಸಿಕೆಯ ಪ್ರಯೋಗವೊಂದಕ್ಕೆ ನಾವು ಕೊಟ್ಟ ಹದಿನಾರು ಪ್ರಾಣಿಗಳಲ್ಲಿ ಆರು ಒಂದೇ ಗಂಡಿನ ಮಕ್ಕಳೆಂಬುದು ಪ್ರಯೋಗ ಮುಗಿದ ಮೇಲೆ ತಿಳಿಯಿತು. ಅವುಗಳಲ್ಲಿ ಮಾಮು-ಎ*01 (ಈ ವೈರಸ್ಸನ್ನು ತಗ್ಗಿಸಲು ನೆರವಾಗುವ ಜೀನ್ ರೂಪ) ಇದ್ದವು ಹೆಚ್ಚಾಗಿ ಲಸಿಕೆ ಪಡೆದ ಸಾಲಿಗೆ ಬಿದ್ದಿದ್ದರಿಂದ, ವಂಶದ ಬಲದಿಂದ ತಗ್ಗಿದ್ದ ವೈರಸ್ ಪ್ರಮಾಣವು ಲಸಿಕೆಯ ಗೆಲುವಿನಂತೆ ಕಂಡಿತ್ತು. ಮೈಕ್ರೋಸ್ಯಾಟಲೈಟ್ ಪರೀಕ್ಷೆ (ತಂದೆ-ಮಕ್ಕಳ ನಂಟು ತಿಳಿಸುವ ಡಿಎನ್ಎ ಪರೀಕ್ಷೆ) ಮಾಡಿಸಿದಾಗ, ನಮ್ಮ ದಾಖಲೆ ಪುಸ್ತಕದಲ್ಲಿದ್ದ ತಂದೆ ಐದರಲ್ಲಿ ಒಂದು ಮರಿಗೆ ತಂದೆಯೇ ಅಲ್ಲವೆಂದು ಗೊತ್ತಾಯಿತು. 40 ಹೆಣ್ಣುಗಳಿಗೆ 4 ಗಂಡು ಇಟ್ಟರೆ ಪರಿಣಾಮಕಾರಿ ಸಂಖ್ಯೆ (ವೈವಿಧ್ಯ ಉಳಿಸುವ ಲೆಕ್ಕದಲ್ಲಿ ಆ ಗುಂಪು ಎಷ್ಟು ಪ್ರಾಣಿಗಳಿಗೆ ಸಮವೆಂಬುದು) 15ನ್ನೂ ಮುಟ್ಟದು, 10 ಗಂಡು ಇಟ್ಟರೆ 32 ಆಗುತ್ತದೆ. ಈ ಲೆಕ್ಕ ನನಗೆ ಗೊತ್ತಿತ್ತು, ಅದನ್ನು ಆವರಣದೊಳಗೆ ನಡೆಸುವ ಬಗೆ ಗೊತ್ತಿರಲಿಲ್ಲ.

ಮೊದಲ ವರ್ಷ ಮರಿ ಹಾಕುವ ಕಾಲದಲ್ಲಿ ಒಂಟಿ ಗಂಡೊಂದನ್ನು ಬಿಟ್ಟೆ, ಎರಡೇ ದಿನಕ್ಕೆ ಅದು ತೊಡೆ ಹರಿದುಕೊಂಡು ಹೊರಗೆ ಬಂತು. ಮರುವರ್ಷದ ತಪ್ಪು ಇನ್ನೂ ದೊಡ್ಡದು. ಹಳೆಯ ನಾಯಕ ಗಂಡನ್ನು ಅದೇ ವಾರ ತೆಗೆದುಬಿಟ್ಟೆ. ಜಗಳ ಬಿಡಿಸುವವರಿಲ್ಲದೆ ದರ್ಜೆಯಲ್ಲಿ ಎರಡನೆಯ ತಾಯಿವಂಶವು (ಒಂದೇ ಹಿರಿಯ ಹೆಣ್ಣಿನ ಸಂತತಿ) ಮೊದಲನೆಯದರ ಮೇಲೆ ಬಿದ್ದು ಐದು ಹೆಣ್ಣುಗಳನ್ನು ಕೊಂದಿತು. ಆ ಐದರ ಮುಖಗಳು ನನಗೆ ಇನ್ನೂ ನೆನಪಿವೆ. ಗಾಯದ ಚಿಕಿತ್ಸೆ, ರಾತ್ರಿ ಕಾವಲು, ಹೊಸ ಜಾಲರಿ ಎಂದು ಆ ವರ್ಷದ ಹಣದಲ್ಲಿ ಮೂರನೆಯ ಒಂದು ಭಾಗ ಹೋಯಿತು. ಇಡೀ ಕಾಲೊನಿಯ ಡಿಎನ್‌ಎ ಪರೀಕ್ಷೆಗೂ ಅಷ್ಟು ಖರ್ಚಾಗಿರಲಿಲ್ಲ.

ಕೊನೆಗೆ ಫಲ ಕೊಟ್ಟ ಕ್ರಮ ಹೀಗಿದೆ. ತಾಯಿಯ ಗುಂಪಿನಲ್ಲಿಯೇ ಬೆಳೆದ, ಒಂದಕ್ಕೊಂದು ಪರಿಚಯವಿರುವ, ಏಳರಿಂದ ಒಂಬತ್ತು ವರ್ಷದ ಎರಡು ಮೂರು ಗಂಡುಗಳನ್ನು ಒಟ್ಟಿಗೆ, ಹೆಣ್ಣುಗಳು ಬೆದೆಗೆ ಬರುವ ಕಾಲಕ್ಕೆ ಸರಿಯಾಗಿ, ಐದಾರು ವಾರ ಜಾಲರಿಯಾಚೆಯ ಪಕ್ಕದ ಗೂಡಿನಲ್ಲಿಟ್ಟ ಮೇಲೆಯೇ ಬಿಡುತ್ತೇನೆ. ಮೊದಲ ದರ್ಜೆಯ ತಾಯಿವಂಶದ ಹೆಣ್ಣುಗಳು ಜಾಲರಿಗೆ ಬಂದು ತುಟಿ ಪಟಪಟಿಸಿ, ಮೈ ಹೆಕ್ಕಿಸಿಕೊಳ್ಳಲು ಬೆನ್ನು ಕೊಟ್ಟರೆ ಉಳಿದ ಹೆಣ್ಣುಗಳೂ ಒಪ್ಪುತ್ತವೆ. ಕೆಳದರ್ಜೆಯವು ಮಾತ್ರ ಬಂದರೆ ಬಾಗಿಲು ತೆರೆಯಬಾರದು. ಹಳೆಯ ಗಂಡುಗಳನ್ನು ಯಾವ ದಿನ, ಯಾವ ಅನುಕ್ರಮದಲ್ಲಿ ತೆಗೆಯುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ತನ್ನ ಹೆಣ್ಣುಮರಿಗಳು ಬೆದೆಗೆ ಬರುವ ಮೊದಲೇ, ಅಂದರೆ ಆ ಮರಿಗಳಿಗೆ ಮೂರು ವರ್ಷ ತುಂಬುವುದರೊಳಗೆ, ಪ್ರತಿ ಗಂಡನ್ನೂ ಮುಂದಿನ ಗುಂಪಿಗೆ ಸಾಗಿಸಬೇಕು. ಇಪ್ಪತ್ತೆರಡು ಪ್ರಯತ್ನಗಳಲ್ಲಿ ಹದಿನೇಳೋ ಹದಿನೆಂಟೋ ನಿಂತಿವೆ.

ಗಂಡುಗಳನ್ನು ತಿರುಗಿಸಿದರಷ್ಟೇ ಸಾಲದು. ಮೇಲುದರ್ಜೆಯ ವಂಶಗಳು ಹಿಗ್ಗುತ್ತ, ಮೂಲ ಪ್ರಾಣಿಗಳಲ್ಲಿ ಕೆಲವದರ ರಕ್ತ ಒಂದೆರಡು ಮುದಿ ಹೆಣ್ಣುಗಳಲ್ಲಿ ಮಾತ್ರ ಉಳಿಯುತ್ತದೆ. ಆದ್ದರಿಂದ ಸಂಶೋಧನೆಗೆ ಕೊಡುವ ಪ್ರಾಣಿಗಳನ್ನು ದೊಡ್ಡ ಕುಟುಂಬಗಳಿಂದಲೇ ಆರಿಸುತ್ತೇನೆ, ಆದರೆ ಒಂದು ಪ್ರಯೋಗಕ್ಕೆ ಒಂದು ತಂದೆಯ ಎರಡಕ್ಕಿಂತ ಹೆಚ್ಚು ಮಕ್ಕಳನ್ನು ಕೊಡುವುದಿಲ್ಲ. ಭಾರತ ಮೂಲದ ನಮ್ಮ ಗುಂಪುಗಳಿಗೆ ಚೀನಾ ಮೂಲದ ಗಂಡುಗಳನ್ನು ಬೆರೆಸಿದರೆ ವೈವಿಧ್ಯ ಒಮ್ಮೆಗೇ ಏರುತ್ತದೆಂಬ ಸಲಹೆಯೂ ಬಂದಿತ್ತು. ಎಸ್‌ಐವಿ ರೋಗ ಎರಡು ಮೂಲಗಳಲ್ಲಿ ಒಂದೇ ವೇಗದಲ್ಲಿ ಸಾಗುವುದಿಲ್ಲವಾದ್ದರಿಂದಲೂ, 1978ರಲ್ಲಿ ಭಾರತ ರಫ್ತು ನಿಲ್ಲಿಸಿದ ಮೇಲೆ ಭಾರತ ಮೂಲವನ್ನು ಒಮ್ಮೆ ಕಲಬೆರಕೆ ಮಾಡಿಕೊಂಡವರಿಗೆ ಮತ್ತೆ ಸಿಗುವ ದಾರಿಯಿಲ್ಲವಾದ್ದರಿಂದಲೂ ನಾನು ಒಪ್ಪಲಿಲ್ಲ.

ಕೃತಕ ಗರ್ಭಧಾರಣೆಯನ್ನೂ ಎರಡು ಋತು ಪ್ರಯತ್ನಿಸಿದೆ. ವೀರ್ಯ ಹೆಪ್ಪುಗಟ್ಟುತ್ತದೆ, ಗರ್ಭಕಂಠದ ದಾರಿಯಂತೂ ತಿರುವುಗಳಿಂದಲೇ ತುಂಬಿದೆ. ಮೂವತ್ತರಷ್ಟು ಪ್ರಯತ್ನಗಳಿಗೆ ಎರಡು ಗರ್ಭ ನಿಂತವು. ಮಲದಿಂದ ಡಿಎನ್‌ಎ ತೆಗೆದು ಅರಿವಳಿಕೆ ತಪ್ಪಿಸಬಹುದೆಂದುಕೊಂಡೆ, ಆದರೆ ಜೋಡಿಯ ಒಂದು ಆಲೀಲ್ (ತಂದೆ, ತಾಯಿಯಿಂದ ಒಂದೊಂದರಂತೆ ಬರುವ ಜೀನ್ ರೂಪ) ಬಿಟ್ಟುಹೋಗಿ ಒಂದೊಂದು ಮಾದರಿಯನ್ನೂ ಮೂರು ಸಲ ಓಡಿಸಬೇಕಾಯಿತು. ಈಗ ಕ್ಷಯದ ಪರೀಕ್ಷೆಗೆ ಅರಿವಳಿಕೆಯಾಗಿ ಕೆಟಮಿನ್ ಕೊಟ್ಟಾಗಲೇ ರಕ್ತ ತೆಗೆಯುತ್ತೇನೆ; ಡಿಎನ್ಎ ಪರೀಕ್ಷೆಯ ಖರ್ಚು ಅರ್ಧಕ್ಕೆ ಇಳಿದಿದೆ.

ಒಂಬತ್ತನೆಯ ಗುಂಪು ಮಾತ್ರ ಎರಡು ಋತು ಹೊಸ ಗಂಡುಗಳನ್ನು ತಿರಸ್ಕರಿಸಿದೆ. ಈ ಸಲದ ಮೂರು ಗಂಡುಗಳು ಪಕ್ಕದ ಗೂಡಿನಲ್ಲಿ ಏಳನೆಯ ವಾರ ಕಳೆಯುತ್ತಿವೆ. ಹಿರಿಯ ಹೆಣ್ಣು ಇನ್ನೂ ಜಾಲರಿಯ ಬಳಿಗೆ ಬಂದಿಲ್ಲ, ನಾನೂ ಬಾಗಿಲು ತೆರೆದಿಲ್ಲ.